ಕೊಕ್ಕರೆಗೆ ಕಾವಲು

ಕೊಕ್ಕರೆಗಳು ಅವತ್ತೂ ಇರಲಿಲ್ಲ.

ಮೇಷ್ಟ್ರು ಹೆಗಲಿನ ಚೀಲ ಇಳಿಸುವ ಮೊದಲೇ ಟಿವಿ ಹಾಕಿ, ಆಟದ ಕಂಟ್ರೋಲರ್ ಕೈಗೆತ್ತಿಕೊಂಡು, ಒಂದು ಕಾಲಿನ ಚಪ್ಪಲಿ ಕಳಚಿ ಇನ್ನೊಂದನ್ನು ಮರೆತು, ತಾವೇ ಒಂದು ಕೊಕ್ಕರೆಯ ಭಂಗಿಯಲ್ಲಿ ನಿಂತು ಪರದೆ ನೋಡಿದರು. ಹೊಳೆ ಇತ್ತು. ಹೊಳೆಯಂಚಿಗೆ ಜೊಂಡು ಇತ್ತು. ಜೊಂಡಿನ ನಡುವೆ ಕಡ್ಡಿ ಪೇರಿಸಿ ಅರ್ಧ ಕಟ್ಟಿದ ಗೂಡೂ ಇತ್ತು. ಗೂಡಿನವರು ಮಾತ್ರ ಮನೆ ಖಾಲಿ ಮಾಡಿದ್ದರು.

“ಹೋದವು,” ಎಂದರು ಮೇಷ್ಟ್ರು, ಅಡುಗೆಮನೆಗೆ ಕೇಳುವ ಹಾಗೆ.

“ಯಾರು?” ಎಂದಳು ಹೆಂಡತಿ.

“ಯಾರು ಅಂದ್ರೆ? ಕೊಕ್ಕರೆ.”

“ಹಕ್ಕಿ ಅಂದಮೇಲೆ ಹಾರುತ್ತೆ ಕಣ್ರೀ.”

“ಹಾರೋದು ಬೇರೆ, ಹಾರಿಸೋದು ಬೇರೆ.”

ಹಾರಿಸಿದವರು ಯಾರೆಂದು ಮೇಷ್ಟ್ರು ಹೇಳಲಿಲ್ಲ, ಅವಳು ಕೇಳಲಿಲ್ಲ. ಆ ಮನೆಯಲ್ಲಿ ಇದ್ದದ್ದೇ ಮೂರು ಜನ. ಅವರಲ್ಲಿ ಒಬ್ಬರು ದೂರುದಾರರು, ಒಬ್ಬರು ಒಗ್ಗರಣೆ ಹಾಕುತ್ತಿದ್ದವರು. ಉಳಿದವನು ಅವಳ ತಮ್ಮ.

ಮೇಷ್ಟ್ರು ಎಂದರೆ ಯಾರಿಗೂ ಪಾಠ ಹೇಳಿದವರಲ್ಲ. ಹಲ್ಲಿನ ಡಾಕ್ಟರುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ವರ್ಕ್‌ಶಾಪಿನಲ್ಲಿ ಹಿರಿಯ ಕೈ ಅವರದು, ಅದಕ್ಕೇ ಕಿರಿಯರು ಕೊಟ್ಟ ಹೆಸರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೇಣ, ಅಚ್ಚು, ಮುಖ ನೋಡಿಲ್ಲದ ಮಂದಿಯ ದವಡೆ. ಯಾರ ಬಾಯಿ ಎಲ್ಲಿ ಹಾಳಾಗಿದೆ, ಅದನ್ನು ಎಲ್ಲಿಂದ ಸರಿಮಾಡುತ್ತ ಬರಬೇಕು ಎಂಬ ಲೆಕ್ಕಾಚಾರ. ಮನೆಗೆ ಬಂದರೆ ಅದೇ ಲೆಕ್ಕಾಚಾರ ಭೂಮಿಯ ಮೇಲೆ. ಹಗಲೆಲ್ಲ ಹಲ್ಲು, ಸಂಜೆಯೆಲ್ಲ ಹುಲ್ಲು, ಎಂದು ಭಾವಮೈದುನ ಆಡಿಕೊಳ್ಳುವುದರಲ್ಲಿ ಸುಳ್ಳೇನಿರಲಿಲ್ಲ.

ಆಟದ ಹೆಸರು ‘ಮರುಚಿಗುರು’. ಶುರುವಿನಲ್ಲಿ ನಿಮ್ಮ ಕೈಗೆ ಸತ್ತ ಕಣಿವೆಯೊಂದನ್ನು ಕೊಡುತ್ತಾರೆ. ಮುಚ್ಚಿಹೋದ ಕಾರ್ಖಾನೆ, ಟಾರಿನಂಥ ಹೊಳೆ, ಹಪ್ಪಳದ ಹಾಗೆ ಸೆಟೆದು ನಿಂತ ನೆಲ. ವಿಷ ಹೀರುವ ಪಂಪನ್ನು ಎಲ್ಲಿ ಇಡಬೇಕು, ಹೊಳೆಯನ್ನು ಯಾವ ಕಡೆ ತಿರುಗಿಸಬೇಕು, ಪಾಚಿ ಮೊದಲೋ ಹುಲ್ಲು ಮೊದಲೋ, ಎಲ್ಲವನ್ನೂ ನೀವೇ ಯೋಚಿಸಬೇಕು. ಒಂದು ಪಂಪು ತಪ್ಪು ಜಾಗದಲ್ಲಿ ಕೂತರೆ ಮೇಲಿನ ವಿಷ ಕೆಳಗಿನ ಬಯಲಿಗೆ ಇಳಿದು ಮಾಡಿದ್ದೆಲ್ಲ ಹೊಳೆಪಾಲು. ಆಟವನ್ನು ಆಫ್ ಮಾಡದೆ ಬಿಟ್ಟರೆ ನೀವು ಇಲ್ಲದಿದ್ದಾಗಲೂ ಅಲ್ಲಿ ಕಾಲ ಬೇಗಬೇಗ ನಡೆಯುತ್ತದೆ, ಹುಲ್ಲು ಬೆಳೆಯುತ್ತದೆ. ಕಪ್ಪೆ ಬಂದಮೇಲೆ ಮೀನು, ಮೀನು ಬಂದಮೇಲೆ ಕೊಕ್ಕರೆ. ಕೊಕ್ಕರೆ ಜೋಡಿ ಗೂಡು ಕಟ್ಟಿ ಮರಿ ಮಾಡಿದರೆ ಕಣಿವೆ ಬದುಕಿತು ಎಂದು ಅರ್ಥ.

ಇದು ಮೇಷ್ಟ್ರ ಎರಡನೆಯ ಕಣಿವೆ. ಮೊದಲನೆಯದನ್ನು ಭಾವಮೈದುನ ಮುಗಿಸಿದ್ದ.

ಅವನನ್ನು ಮನೆಯಲ್ಲಿ ಕರೆಯುವುದು ನಕಲಿ ಎಂದು. ಚಿಕ್ಕಂದಿನಿಂದ ಯಾರನ್ನು ಕಂಡರೂ ನಕಲು ಮಾಡುತ್ತಿದ್ದುದಕ್ಕೆ ಅಕ್ಕನೇ ಇಟ್ಟದ್ದು. ಈಗ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಹೇಳುವ ಕೆಲಸ, ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ. ಬೆಳಿಗ್ಗೆ ಮೇಷ್ಟ್ರು ವರ್ಕ್‌ಶಾಪಿಗೆ, ಹೆಂಡತಿ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೊರಟಮೇಲೆ ಮನೆಯಲ್ಲಿ ಅವನೊಬ್ಬನೇ. ಹಾಗೆ ಒಬ್ಬನೇ ಇದ್ದ ಒಂದು ಬೆಳಿಗ್ಗೆ ‘ಸ್ವಲ್ಪ ನೋಡೋಣ’ ಎಂದು ಕಂಟ್ರೋಲರ್ ಹಿಡಿದು ‘ಹೊಸ ಆಟ’ ಒತ್ತಿದ. ಹಳೆಯ ಕಣಿವೆ ಮೀನು ಕಪ್ಪೆಗಳ ಸಮೇತ ಅಳಿಸಿಹೋಯಿತು.

ಅವತ್ತು ಮೇಷ್ಟ್ರು ತಟ್ಟೆ ಮುಂದೆ ಕೂತು, ಯಾರ ಮುಖವನ್ನೂ ನೋಡದೆ ತೀರ್ಪು ಕೊಟ್ಟಿದ್ದರು. “ಇನ್ನೊಂದು ಸಲ ಅದನ್ನ ಮುಟ್ಟಿದ್ರೆ ಎದುರು ಬೀದಿಯ ರೂಮಿಗೆ ಹೋಗಲಿ.” ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಎದುರಿನ ಕಟ್ಟಡದ ಮಹಡಿಯಲ್ಲಿ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಕಾಣುತ್ತಿತ್ತು. ಹೆಂಡತಿ ಅದನ್ನೂ ನೋಡಿದಳು, ಗಂಡನನ್ನೂ ನೋಡಿದಳು. ತಾಯಿ ಹೋದಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಕ್ಕನ ಮನೆ ತಪ್ಪಿದರೆ ಅವನಿಗೆ ಮಾತಾಡಲು ಬಸ್ಸುಗಳೇ ಗತಿ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆದ್ದರಿಂದಲೇ ಎರಡನೆಯ ಕಣಿವೆಯಲ್ಲಿ ಮೇಷ್ಟ್ರು ಯಾವ ಪಂಪಿಗಿಂತಲೂ ಮೊದಲು ಒಂದು ಕಾವಲುಗೋಪುರ ನೆಟ್ಟರು. ಆಟದಲ್ಲಿ ಅದಿರುವುದು ಕಾಡಿಗೆ ಬೆಂಕಿ ಬಿದ್ದರೆ ತಿಳಿಯಲೆಂದು. ತುದಿಯಲ್ಲೊಂದು ದೀಪ ಸುತ್ತುತ್ತ ಕಂಡದ್ದನ್ನೆಲ್ಲ ಚಿತ್ರ ಹಿಡಿದಿಡುತ್ತದೆ. ಕೊಕ್ಕರೆ ಬಂದಮೇಲೆ ಮೇಷ್ಟ್ರು ಗೋಪುರವನ್ನು ಕಿತ್ತು ತಂದು ಜೊಂಡಿನ ಪಕ್ಕದಲ್ಲೇ ನಿಲ್ಲಿಸಿದರು. ಕೆಲಸಕ್ಕೆ ಹೋಗುವಾಗ ಪರದೆಯ ನೋಟವನ್ನೂ ಗೂಡಿನ ಮೇಲೆಯೇ ನೆಟ್ಟು ಟಿವಿ ಮಾತ್ರ ಆರಿಸಿ ಹೋಗುತ್ತಿದ್ದರು. ಕಣ್ಣು ತಪ್ಪಿಸಿ ಒಂದು ಕಡ್ಡಿ ಅಲ್ಲಾಡಬಾರದು.

ಇಷ್ಟಾದರೂ ಕೊಕ್ಕರೆ ಹೋಯಿತು, ಕೊಕ್ಕೆ ಉಳಿಯಿತು. ಗೋಪುರ ಹಿಡಿದ ಚಿತ್ರಗಳನ್ನು ಮೇಷ್ಟ್ರು ತಿರುಗಿಸಿ ತಿರುಗಿಸಿ ನೋಡಿದರು. ಹಕ್ಕಿಗಳು ಬಂದವು, ಕೂತವು, ಕತ್ತೆತ್ತಿ ನೇರವಾಗಿ ಇವರ ಕಡೆಗೇ ನೋಡಿದವು, ಹೋದವು. ಯಾರೂ ಇಲ್ಲ. ಯಾರೂ ಇಲ್ಲದಿರುವುದೇ ಮೇಷ್ಟ್ರಿಗೆ ದೊಡ್ಡ ಸಾಕ್ಷಿಯಾಗಿ ಕಂಡಿತು. ಕಳ್ಳ ಬುದ್ಧಿವಂತ.

ಮಾರನೆಯ ಸಂಜೆ ಬಂದು ನೋಡಿದರೆ ಗೋಪುರವೇ ಇಲ್ಲ. ನೋಟವೂ ತಿರುಗಿಹೋಗಿ, ದೂರದ ಕಾರ್ಖಾನೆಯ ಮಸಿ ಹಿಡಿದ ಗೋಡೆಯ ಮೇಲೆ ನಿಂತಿದೆ.

ಮೇಷ್ಟ್ರಿಗೆ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಯಿತು. ಕೊನೆಗೂ ಕಳ್ಳ ಕಳ್ಳನ ಹಾಗೆ ನಡೆದುಕೊಂಡಿದ್ದ. ಅವರು ಸದ್ದಿಲ್ಲದೆ ಗೋಪುರವನ್ನು ಮತ್ತೆ ನೆಟ್ಟು, ನೋಟವನ್ನು ಮತ್ತೆ ಗೂಡಿಗೆ ತಿರುಗಿಸಿ ಮಲಗಿದರು. ಮರುಸಂಜೆ ಮತ್ತೆ ಗೋಪುರ ಮಾಯ, ಮತ್ತೆ ಗೋಡೆ. ಮೇಷ್ಟ್ರು ನೆಡುವುದು, ಇನ್ಯಾರೋ ಕೀಳುವುದು, ಹೀಗೇ ನಡೆಯಿತು. ನಕಲಿ ಮಾತ್ರ ಏನೂ ಅರಿಯದವನಂತೆ ಊಟಕ್ಕೆ ಕೂತು, ಲೇಟಾದ ಬಸ್ಸುಗಳ ಡ್ರೈವರುಗಳನ್ನು ನಕಲು ಮಾಡಿ ಅಕ್ಕನನ್ನು ನಗಿಸುತ್ತಿದ್ದ.

ಆಮೇಲೊಂದು ಸಂಜೆ ಕಂಟ್ರೋಲರಿನ ಮೇಲೆ ಮೇಷ್ಟ್ರಿಗೆ ಒಂದು ಗುರುತು ಸಿಕ್ಕಿತು. ಹೆಬ್ಬೆರಳಿನಲ್ಲಿ ತಿರುಗಿಸುವ ಕಡ್ಡಿಯ ರಬ್ಬರ್ ಟೋಪಿಯ ಅಂಚಿನಲ್ಲಿ ಸಣ್ಣ ತಗ್ಗುಗಳು. ಬೇರೆಯವರಾದರೆ ಸವೆದಿದೆ ಅನ್ನುತ್ತಿದ್ದರು. ಮೇಷ್ಟ್ರು ಅದನ್ನು ದೀಪಕ್ಕೆ ಹಿಡಿದು, “ಮೇಲಿನ ಬಾಚಿಹಲ್ಲು,” ಎಂದರು.

“ಯಾರದು?” ಎಂದಳು ಹೆಂಡತಿ.

“ಅದನ್ನೇ ನೋಡಬೇಕು.”

“ನಿಮ್ಮದೇ ಇರಬೇಕು. ಆಡ್ತಾ ಆಡ್ತಾ ಊಟ ಬಿಟ್ಟಿರ್ತೀರಲ್ಲ.”

ಚೀಲದಲ್ಲಿ ಹೇಗೂ ಮೇಣದ ತುಂಡಿತ್ತು. ಮೇಷ್ಟ್ರು ಟೋಪಿಯ ಅಚ್ಚು ತೆಗೆದುಕೊಂಡರು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಕಲಿಯ ಮುಂದೆ ಒಂದು ಸೇಬು ಬಂದು ಕೂತಿತು.

ನಕಲಿ ಹಣ್ಣನ್ನೂ ನೋಡಿದ, ಭಾವನನ್ನೂ ನೋಡಿದ. “ಏನು ವಿಶೇಷ, ಭಾವ?”

“ವಿಶೇಷ ಏನಿಲ್ಲ. ಆರೋಗ್ಯಕ್ಕೆ ಒಳ್ಳೇದು.”

“ಯಾರ ಆರೋಗ್ಯಕ್ಕೆ?”

“ತಿನ್ನಯ್ಯ ಸುಮ್ನೆ.”

ನಕಲಿ ಒಂದು ಸಲ ಕಚ್ಚಿದ. ಇನ್ನೊಂದು ಸಲಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರ ಕೈ ಮುಂದೆ ಬಂದಿತ್ತು. “ಸಾಕು, ಇಲ್ಲಿ ಕೊಡು.”

“ಒಂದೇ ಸಲ ಕಚ್ಚಿದ್ದೀನಲ್ಲ.”

“ಅಷ್ಟೇ ಬೇಕಾಗಿದ್ದು. ಉಳಿದಿದ್ದು ನಾನು ತಿಂತೀನಿ.”

ಮದುವೆಯಾದಾಗಿನಿಂದ ಇನ್ನೊಬ್ಬರ ಎಂಜಲು ಲೋಟವನ್ನೂ ಮುಟ್ಟದ ಗಂಡ, ತಮ್ಮ ಕಚ್ಚಿದ ಹಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡದ್ದನ್ನು ಹೆಂಡತಿ ನೋಡಿದಳು. “ಕಣ್ಣು ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ ಅಂತಿದ್ದೆ. ಈಗ ನೋಡಿದ್ರೆ ತೊಂದರೆ ಇರೋದು ಕಣ್ಣಲ್ಲಲ್ಲ ಅನ್ಸುತ್ತೆ,” ಎಂದಳು.

ವರ್ಕ್‌ಶಾಪಿನ ಮೇಜಿನ ಮೇಲೆ ಸೇಬನ್ನೂ ಮೇಣವನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದಾಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಮುಂದಿನ ಬಾಚಿಹಲ್ಲಿನ ಮೂಲೆ ಒಡೆದಿದೆ. ಎರಡರಲ್ಲೂ ಒಂದೇ ಕಡೆ, ಒಂದೇ ಓರೆ. ಆ ಹಲ್ಲನ್ನು ಬಿಟ್ಟಿಯಾಗಿ ಸರಿಮಾಡಿಸಿ ಕೊಡುತ್ತೇನೆಂದು ಮೇಷ್ಟ್ರು ಹಿಂದೊಮ್ಮೆ ಹೇಳಿದ್ದರು. ನಕಲಿ ಒಪ್ಪಿರಲಿಲ್ಲ. “ಆ ಸಂದಿಯಿಂದಲೇ ಭಾವ, ನನ್ನ ಹಕ್ಕಿಗಳೆಲ್ಲ ಹೊರಗೆ ಬರೋದು,” ಎಂದು ಅಲ್ಲೇ ಒಂದು ಗುಬ್ಬಿಯನ್ನೂ ಒಂದು ಗಿಳಿಯನ್ನೂ ಹಾರಿಸಿ ತೋರಿಸಿದ್ದ. ಯೋಚನೆಗೆ ಬಿದ್ದರೆ ಕೈಗೆ ಸಿಕ್ಕಿದ್ದನ್ನು ಕಚ್ಚುವ ಚಾಳಿ ಅವನಿಗೆ. ನಿಲ್ದಾಣದ ಮೈಕಿನ ಟೋಪಿಯನ್ನು ಎಷ್ಟು ಸಲ ಬದಲಾಯಿಸಿದ್ದರೋ.

“ಮೇಷ್ಟ್ರೇ, ಈ ಪೇಷೆಂಟ್‌ಗೆ ಯಾವ ಬಣ್ಣದ ಹಲ್ಲು ಹಾಕೋಣ?” ಎಂದು ಪಕ್ಕದ ಮೇಜಿನವಳು ಇಣುಕಿದಳು.

“ಇವನಿಗೆ ಹಾಕೋದಲ್ಲಮ್ಮ, ಕೀಳೋದು,” ಎಂದು ಮೇಷ್ಟ್ರು ಅರ್ಧ ದಿನ ರಜೆ ಕೇಳಿ ಎದ್ದರು.

ಬಿಸಿಲು ಏರುತ್ತಿದ್ದ ಹೊತ್ತು. ಬಸ್ಸಿನಿಂದ ಇಳಿದು ಬೀದಿ ದಾಟಿದಾಗ, ಎದುರಿನ ಮಹಡಿಯ ‘ಬಾಡಿಗೆಗೆ ಇದೆ’ ಬೋರ್ಡು ತಮಗಾಗಿಯೇ ಕಾದಂತೆ ಕಂಡಿತು. ಆ ಕಟ್ಟಡದ ಕಾವಲಿನವನನ್ನು ನಿಲ್ಲಿಸಿ ರೂಮಿನಲ್ಲಿ ನೀರು ಬರುತ್ತದೆಯೇ ಎಂದೂ ಕೇಳಿಕೊಂಡರು. ಕಳ್ಳನಾದರೂ ಹೆಂಡತಿಯ ತಮ್ಮ.

ಮನೆಯ ಬಾಗಿಲ ಹೊರಗೆ ನಿಂತು ಕಿವಿಗೊಟ್ಟರು. ಒಳಗಿನಿಂದ ಮೊದಲು ಕೇಳಿಸಿದ್ದು ಅವರದೇ ಧ್ವನಿ.

“ಇದು ನನ್ನ ಕಣಿವೆ. ಇದನ್ನ ಯಾರೂ ಮುಟ್ಟಕೂಡದು,” ಎನ್ನುತ್ತಿದ್ದರು ಒಳಗಿನ ಮೇಷ್ಟ್ರು, ಸ್ವಲ್ಪ ಮೂಗಿನಿಂದ. ಹೊರಗಿನ ಮೇಷ್ಟ್ರು ಮೂಗು ಮುಟ್ಟಿ ನೋಡಿಕೊಂಡರು. ಒಳಗೆ ಒಂದು ಮುದುಕಿಯ ದನಿ ಉತ್ತರ ಕೊಟ್ಟಿತು, “ಆಯ್ತಪ್ಪ, ಮುಟ್ಟಲ್ಲ, ನೀನೂ ಸ್ವಲ್ಪ ಆ ಕಡೆ ತಿರುಗು.” ಅದರ ಹಿಂದೆಯೇ ಮರದ ಚಕ್ಕೆಗಳನ್ನು ಒಂದಕ್ಕೊಂದು ಬಡಿದ ಹಾಗೆ ಕಟಕಟಕಟ ಎಂಬ ಸದ್ದು. ಕೊಕ್ಕರೆಗಳು ಕೊಕ್ಕು ಬಡಿಯುವ ಸದ್ದು.

ಮೇಷ್ಟ್ರು ಬೀಗದ ಕೈ ತಿರುಗಿಸಿ ಒಳಗೆ ನುಗ್ಗಿದರು. ನಕಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಕಂಟ್ರೋಲರ್ ಬಾಯಲ್ಲಿ. ಪರದೆಯ ಮೇಲೆ ಅದೇ ಮಸಿ ಗೋಡೆ. ಗೋಪುರ ಎಲ್ಲೂ ಇಲ್ಲ.

“ಭಾವ, ನೀವು ಈ ಹೊತ್ತಿನಲ್ಲಿ...”

“ಕೊಡು ಇಲ್ಲಿ.”

“ಕೊಡ್ತೀನಿ. ಒಂದು ಮಾತು, ಜೊಂಡಿನ ಕಡೆ ಮಾತ್ರ ತಿರುಗಿಸಬೇಡಿ.”

ತಿರುಗಿಸಬೇಡ ಎಂದ ಕಡೆಗೇ ತಿರುಗಿಸುವುದು ತನಿಖೆಯ ಮೊದಲ ಪಾಠ. ಮೇಷ್ಟ್ರು ಕಡ್ಡಿ ದೂಡಿದರು. ಗೋಡೆ ಸರಿಯಿತು, ಬಯಲು ಸರಿಯಿತು, ಹೊಳೆ ಬಂತು, ಜೊಂಡು ಬಂತು. ಗೂಡು ಪೂರ್ತಿ ಕಟ್ಟಿ ಮುಗಿದಿತ್ತು. ಒಂದು ಕೊಕ್ಕರೆ ಕಾವಿಗೆ ಕೂತಿತ್ತು, ಇನ್ನೊಂದು ಪಕ್ಕದಲ್ಲಿ ಒಂಟಿಕಾಲಲ್ಲಿ ನಿಂತಿತ್ತು. ಮೇಷ್ಟ್ರ ಎದೆ ತುಂಬಿ ಬರುವಷ್ಟರಲ್ಲಿ ಎರಡೂ ಕತ್ತೆತ್ತಿದವು, ಪರದೆಯೊಳಗಿನಿಂದ ನೇರ ಅವರನ್ನೇ ನೋಡಿದವು, ರೆಕ್ಕೆ ಬಿಚ್ಚಿ ಎದ್ದುಹೋದವು. ಗೂಡಿನಲ್ಲಿ ಮೊಟ್ಟೆಗಳು ಮಾತ್ರ ಉಳಿದವು.

“ನೋಡಿದ್ರಾ?” ಎಂದ ನಕಲಿ.

“ನೋಡಿದೆ.”

“ಅದೇ ತಪ್ಪಾಗಿದ್ದು, ಭಾವ.”

ಮೇಷ್ಟ್ರು ಕೂತರು. ನಕಲಿ ಮೆಲ್ಲಗೆ ಅವರ ಕೈಯಿಂದ ಕಂಟ್ರೋಲರ್ ತೆಗೆದುಕೊಂಡು ನೋಟವನ್ನು ಮತ್ತೆ ಗೋಡೆಯ ಕಡೆ ತಿರುಗಿಸಿದ. ಆಮೇಲೆ ಹೇಳಿದ. ಕೊಕ್ಕರೆಗೆ ಯಾರಾದರೂ ನೋಡುತ್ತಿದ್ದರೆ ಆಗುವುದಿಲ್ಲ. ಗೋಪುರದ ದೀಪವೂ ಆಗದು, ಪರದೆಯ ನೋಟ ಗೂಡಿನ ಮೇಲೆ ನಿಂತರೂ ಆಗದು. ನೀವು ಕಾವಲಿಟ್ಟಷ್ಟೂ ಅವು ಹಾರುತ್ತಿದ್ದವು. ಅದಕ್ಕೇ ಬೆಳಿಗ್ಗೆ ಇಬ್ಬರೂ ಹೊರಟಮೇಲೆ ಗೋಪುರ ಕಿತ್ತು, ಗೋಡೆಗೆ ಮುಖ ತಿರುಗಿಸಿ ಕೂರುತ್ತಿದ್ದೆ. ಹಗಲೆಲ್ಲ ಬಂದು ಕಟ್ಟುತ್ತಿದ್ದವು, ಸಂಜೆ ನೀವು ಬಂದು ಓಡಿಸುತ್ತಿದ್ದಿರಿ.

“ನಿನಗೆ ಯಾರು ಹೇಳಿದ್ದು ಇದನ್ನ?”

“ಅಜ್ಜಿ.”

“ಯಾವ ಅಜ್ಜಿ?”

“ಆಟದ ಅಜ್ಜಿ. ಮೂಲೇಲಿ ಬಂದು ಸಲಹೆ ಕೊಡ್ತಾಳಲ್ಲ. ನೀವು ಅವಳು ಬಾಯಿ ತೆರೆದ ತಕ್ಷಣ ‘ಮುಂದಕ್ಕೆ’ ಒತ್ತಿಬಿಡ್ತೀರಿ.”

ಅದು ನಿಜ. ಹೇಳಿಕೊಡಲು ಬರುವವರನ್ನು ಕಂಡರೆ ಮೇಷ್ಟ್ರಿಗೆ ಮೊದಲಿನಿಂದಲೂ ಆಗದು. ನಕಲಿಯ ವಿಷಯ ಬೇರೆ. ಕಣ್ಣಿಗೆ ಬಿದ್ದ ಅಕ್ಷರವನ್ನು ಗಟ್ಟಿಯಾಗಿ ಓದದೆ ಬಿಡುವುದು ಅವನ ಕಸುಬಿಗೆ ಒಗ್ಗದು. ಬಿಸ್ಕತ್ತಿನ ಪೊಟ್ಟಣವನ್ನೂ ಅಂಕಣಕ್ಕೆ ಬಂದ ಬಸ್ಸಿನಂತೆ ಓದುವವನು.

“ಇದು ಅಜ್ಜಿ ಹೇಳಿದ್ದೋ, ನೀನು ಈಗ ಕಟ್ಟಿದ್ದೋ?”

ನಕಲಿ ಒಂದು ಗುಂಡಿ ಒತ್ತಿದ. ಮೂಲೆಯಲ್ಲಿ ಅಜ್ಜಿ ಬಂದಳು, ಅಕ್ಷರಗಳೂ ಬಂದವು. ಅವನು ಈ ಸಲ ಯಾರ ದನಿಯನ್ನೂ ಹಾಕದೆ ಓದಿದ. “ಕೊಕ್ಕರೆ ಸಂಕೋಚದ ಹಕ್ಕಿ. ನೀನು ನೋಡುತ್ತಿರುವವರೆಗೆ ಅದು ಸಂಸಾರ ಮಾಡದು. ಮರಿಯಾದರೆ ಕೇಳಿಸುತ್ತದೆ. ನೋಡಲು ಹೋಗಬೇಡ.”

“ಮೊದಲೇ ಯಾಕೆ ಹೇಳಲಿಲ್ಲ ನನಗೆ?”

“ಹೇಳಿದ್ರೆ ಮುಟ್ಟಿದ್ದು ಗೊತ್ತಾಗ್ತಿತ್ತಲ್ಲ, ಭಾವ. ಆಮೇಲೆ ಎದುರು ರೂಮು.”

ಸೋತವರ ಹಾಗೆ ಏಳುವುದು ಮೇಷ್ಟ್ರಿಗೆ ಬಾರದ ವಿದ್ಯೆ. “ಮುಟ್ಟಿದ್ದು ಮುಟ್ಟಿದ್ದೇ,” ಎಂದರು. “ಮೊದಲನೇ ಕಣಿವೆ ಅಳಿಸಿದ್ದನ್ನ ನಾನು ಮರೆತಿಲ್ಲ. ನಾಳೆ ಸಂಜೆಯೊಳಗೆ ಮರಿಯಾಗಲಿ, ಇರು. ಆಗಲಿಲ್ಲ ಅಂದ್ರೆ ನಾಡಿದ್ದು ಸಾಮಾನು ಎತ್ತು.”

“ಕೊಕ್ಕರೆಗೆ ಮರಿಯಾಗದಿದ್ರೆ ನನಗೆ ಕೊಕ್,” ಎಂದ ನಕಲಿ. ಯಾರೂ ನಗಲಿಲ್ಲ, ಅವನೂ.

ಮಾರನೆಯ ದಿನ ಮೇಷ್ಟ್ರು ಯಾರದೋ ಕೆಳದವಡೆಗೆ ಮೇಣ ಹಚ್ಚುತ್ತಿದ್ದಾಗ, ತಾವು ಮಾಡಿದ ಒಪ್ಪಂದದ ತೂತು ಕಣ್ಣಿಗೆ ಬಿತ್ತು. ಮರಿಯಾದದ್ದಕ್ಕೆ ಕಿವಿಯೊಂದೇ ಸಾಕ್ಷಿ. ಆ ಮನೆಯಲ್ಲಿ ಗುಬ್ಬಿ, ಗಿಳಿ, ಡ್ರೈವರು, ಅಜ್ಜಿ, ಕೊನೆಗೆ ಸ್ವತಃ ಮೇಷ್ಟ್ರನ್ನೂ ಬಾಯಲ್ಲಿ ಇಟ್ಟುಕೊಂಡು ಓಡಾಡುವವನು ಒಬ್ಬನಿದ್ದಾನೆ. ಅವನಿಗೆ ಒಂದು ಕೊಕ್ಕರೆ ಮರಿ ಯಾವ ಲೆಕ್ಕ? ಹಲ್ಲಿನ ಸಂದಿ ಬೇರೆ ಇದೆ. ಮೇಣ ಕೈಯಲ್ಲೇ ಗಟ್ಟಿಯಾಯಿತು.

ಸಂಜೆ ಮನೆಯಲ್ಲಿ ಟಿವಿ ಹಾಕಿತ್ತು, ಪರದೆಯಲ್ಲಿ ಮಸಿ ಗೋಡೆ. ಮೇಷ್ಟ್ರು ಅದಕ್ಕೆ ಬೆನ್ನು ಮಾಡಿ ಅಡುಗೆಮನೆಯ ಸಣ್ಣ ಮೇಜಿಗೆ ಬಂದು ಕೂತರು, ಕಂಟ್ರೋಲರನ್ನು ಮಾತ್ರ ಜೊತೆಗೇ ತಂದು ಲೋಟದ ಪಕ್ಕ ಇಟ್ಟುಕೊಂಡರು. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ನಕಲಿ ಬಂದ, ಕೈಕಾಲು ತೊಳೆದ, ಇವತ್ತು ಯಾವ ಡ್ರೈವರನ್ನೂ ಜೊತೆಗೆ ತರಲಿಲ್ಲ.

“ಊಟಕ್ಕೆ ಇನ್ನೂ ಹೊತ್ತಿದೆ ಕಣೋ, ಹೋಗಿ ಸ್ವಲ್ಪ ಕಾಲು ಚಾಚು,” ಎಂದಳು ಅಕ್ಕ.

ಅವನು ಹಾಲಿಗೆ ಹೋದ. ನಡುವಿನ ಬಾಗಿಲಿನ ಪರದೆ ಅವನ ಹಿಂದೆ ಇಳಿಬಿತ್ತು. ಸೋಫಾ ಕಿರುಗುಟ್ಟಿತು. ಆಮೇಲೆ ಏನೂ ಇಲ್ಲ. ಚಾಕು ಹಲಗೆಗೆ ತಾಗುವ ಸದ್ದು ಬಿಟ್ಟರೆ ಇಡೀ ಮನೆ ಉಸಿರು ಹಿಡಿದಿತ್ತು.

ಆಗ ಕೇಳಿಸಿತು.

ಮೊದಲು ಕಟಕಟ, ಅಗಲವಾಗಿ, ದೊಡ್ಡ ಕೊಕ್ಕಿನದು. ಅದರ ಸಂದಿನಲ್ಲಿ ಇನ್ನೊಂದು, ಎಳೆಯದು, ಹಸಿದದ್ದು, ಗಾಳಿ ಸೀಳಿದ ಹಾಗೆ ಸಿಳ್ಳೆಯಂಥ ಕೀರಲು. ನಿಂತಿತು. ಮತ್ತೆ ಶುರುವಾಯಿತು.

ಹೆಂಡತಿಯ ಚಾಕು ನಿಂತಿತು. ಮೇಷ್ಟ್ರು ಎದ್ದು, ಕಂಟ್ರೋಲರ್ ಹಿಡಿದು ನಡುವಿನ ಬಾಗಿಲವರೆಗೆ ಹೋದರು. ಪರದೆಯ ಸಂದಿಯಿಂದ ನಕಲಿಯ ಬೆನ್ನು ಕಾಣುತ್ತಿತ್ತು. ಟಿವಿ ಕಡೆ ಮುಖ, ತುಟಿ ಕಾಣದು. ಬೆನ್ನು ಅಲ್ಲಾಡುತ್ತಿತ್ತೋ, ಉಸಿರಾಡುತ್ತಿತ್ತೋ ಹೇಳಲಾಗದು. ಎರಡು ಹೆಜ್ಜೆ ಸಾಕು, ಅವನ ಬಾಯಿ ನೋಡಬಹುದು. ಅಷ್ಟೂ ಬೇಡ, ಹೆಬ್ಬೆರಳು ಒಂಚೂರು ದೂಡಿದರೆ ಜೊಂಡೇ ಕಣ್ಣೆದುರು ಬರುತ್ತದೆ. ಮರಿ ಇದ್ದರೆ ತಾಯಿ ಬಿಟ್ಟು ಹೋಗುತ್ತದೆ. ಇಲ್ಲದಿದ್ದರೆ ಇವನು ಹೋಗುತ್ತಾನೆ. ನೋಡಿದರೆ ಯಾರಾದರೊಬ್ಬರು ಹೋಗುವುದಂತೂ ಖಂಡಿತ.

ಹೆಬ್ಬೆರಳಿನ ಕೆಳಗೆ ರಬ್ಬರಿನ ಸಣ್ಣ ತಗ್ಗುಗಳು ತಾಗಿದವು. ಮೂಲೆ ಒಡೆದ ಹಲ್ಲಿನ ಗುರುತು.

ಒಳಗೆ ಮರಿ ಮತ್ತೆ ಕೂಗಿತು.

ಮೇಷ್ಟ್ರು ವಾಪಸು ಬಂದು ಕೂತರು. ಕಂಟ್ರೋಲರನ್ನು ಮೇಜಿನ ಡ್ರಾಯರಿಗೆ, ಸೌಟುಗಳ ನಡುವೆ ಹಾಕಿ ಮುಚ್ಚಿದರು. ಹೆಂಡತಿ ಅವರನ್ನೇ ನೋಡುತ್ತಿದ್ದಳು.

“ಆ ಎದುರು ರೂಮು,” ಎಂದರು ಮೇಷ್ಟ್ರು, ಲೋಟದೊಳಗೆ ನೋಡುತ್ತ. “ಯಾರೋ ಬೇರೆಯವರು ಹಿಡಿದ್ರಂತೆ.”

“ಹೌದಾ? ಯಾರು ಹೇಳಿದ್ರು?”

“ಕೇಳಿಸ್ತು.”

ಅಡುಗೆಮನೆಯ ಕಿಟಕಿಯಾಚೆ, ಬೀದಿದೀಪದ ಬೆಳಕು ನೇರವಾಗಿ ಬಿದ್ದು, ‘ಬಾಡಿಗೆಗೆ ಇದೆ’ ಬೋರ್ಡಿನ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕಾಣುತ್ತಿತ್ತು. ದಿನವಿಡೀ ಜನರಿಗೆ ದೂರದ ಅಕ್ಷರ ಓದಿಸುವವಳು ಅದನ್ನು ಒಮ್ಮೆ ನೋಡಿದಳು, ಎದ್ದು ಹೋಗಿ ಕಿಟಕಿ ಮುಚ್ಚಿದಳು, ಬಂದು ಮತ್ತೆ ತರಕಾರಿ ಹೆಚ್ಚತೊಡಗಿದಳು.